ಚೌಕಟ್ಟಿನ ಹೊರಗಿರುವ ಕಾನೂನು

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅನ್ಯಾಯದ ಕಾನೂನುಗಳು ಮತ್ತು ಅವುಗಳ ವಿರುದ್ಧ ನಡೆದ ಪ್ರತಿಭಟನೆಗಳ ಪಾಠವನ್ನು ಒಂಬತ್ತನೇ ತರಗತಿಗೆ ಛಾಯಾಚಿತ್ರಗಳ ಮೂಲಕ ಮಾಡಿದೆ. ಒಂದು ಪಿರಿಯಡ್‌ನಲ್ಲಿ ಇಪ್ಪತ್ತು ಚಿತ್ರಗಳನ್ನು ತೋರಿಸಿದೆ. ಮಕ್ಕಳು ‘ಅಯ್ಯೋ ಪಾಪ’ ಎಂದರು. ಮರುದಿನ ಕೇಳಿದರೆ ಯಾವ ಕಾನೂನು, ಅದು ಅನ್ಯಾಯ ಹೇಗೆ ಎಂದು ಒಬ್ಬರಿಗೂ ಹೇಳಲಾಗಲಿಲ್ಲ. ಎಲ್ಲಿ ಎಡವಿದೆ?

ಉತ್ತರ: ಇಪ್ಪತ್ತು ತೋರಿಸಿದಲ್ಲೇ. ಒಂದು ಪಿರಿಯಡ್‌ಗೆ ಒಂದು ಚಿತ್ರ ಸಾಕು, ಹೆಚ್ಚೆಂದರೆ ಎರಡು. ಮೂವತ್ತು ವರ್ಷ ಇತಿಹಾಸ ಕಲಿಸಿದ ಮೇಲೆ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಇನ್ನೊಂದು ತೊಡಕೂ ಇದೆ. ಛಾಯಾಚಿತ್ರದಲ್ಲಿ ಮನುಷ್ಯರು ಕಾಣುತ್ತಾರೆ, ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ ಕಾನೂನು ಕಾಣುವುದಿಲ್ಲ. ಅದನ್ನು ಚಿತ್ರದ ಪಕ್ಕಕ್ಕೆ ತಂದಿಡುವವರು ನೀವೇ ಆಗಬೇಕು.

1930ರ ಏಪ್ರಿಲ್‌ನ ಆ ಚಿತ್ರ ನಿಮಗೆ ಗೊತ್ತು. ಗಾಂಧೀಜಿ ಬಾಗಿ ನೆಲದಿಂದ ಏನನ್ನೋ ಎತ್ತಿಕೊಳ್ಳುತ್ತಿದ್ದಾರೆ, ಹಿಂದೆ ಸ್ವಾತಂತ್ರ್ಯ ಹೋರಾಟಗಾರ್ತಿ ಮಿಥುಬೆನ್ ಪೆಟಿಟ್ ನಿಂತಿದ್ದಾರೆ. ಹಿನ್ನೆಲೆ ತಿಳಿಯದ ಮಗುವಿಗೆ ಇದರಲ್ಲಿ ಅಪರಾಧ ಎಲ್ಲಿ ಕಾಣಬೇಕು? ಪಕ್ಕದಲ್ಲಿ 1882ರ ಉಪ್ಪಿನ ಕಾಯ್ದೆಯ ತಿರುಳನ್ನು ಎರಡು ಸಾಲಿನಲ್ಲಿ ಬರೆಯಿರಿ: ಉಪ್ಪಿನ ತಯಾರಿಕೆ ಸರ್ಕಾರದ ಹಿಡಿತದಲ್ಲಿ, ಅದರ ಮೇಲೆ ತೆರಿಗೆ. ಸಮುದ್ರ ತಾನಾಗಿ ಬಿಟ್ಟುಹೋದ ಉಪ್ಪನ್ನು ಹೆಕ್ಕಿದರೂ ತಪ್ಪು. ಬರೆದು ಸುಮ್ಮನೆ ನಿಲ್ಲಿ. ‘ಸಮುದ್ರ ಸರ್ಕಾರದ್ದಾ ಮಿಸ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಠ ಶುರುವಾಗುವುದು ಆಗ.

ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ರೋಸಾ ಪಾರ್ಕ್ಸ್ ಅವರ ಎರಡು ಚಿತ್ರಗಳು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿ ನಗರದ ಬಸ್ಸಿನಲ್ಲಿ ಅವರು ಸೀಟು ಬಿಟ್ಟು ಏಳಲಿಲ್ಲ. ಈ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಲೆಕ್ಕವನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಿಂತಿದ್ದವನು ಒಬ್ಬನೇ ಬಿಳಿಯ. ಅವನಿಗಾಗಿ ಏಳಬೇಕಾಗಿದ್ದವರು ಪಾರ್ಕ್ಸ್ ಸೇರಿ ನಾಲ್ವರು ಕಪ್ಪು ಜನ, ಏಕೆಂದರೆ ಬಿಳಿಯನು ಕುಳಿತ ಸಾಲಿನಲ್ಲಿ ಅವರು ಕೂರುವಂತಿರಲಿಲ್ಲ. ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು ಇಷ್ಟನ್ನೇ ಹೇಳಿ ನೋಡಿ, ತರಗತಿಗೆ ತರಗತಿಯೇ ರೇಗುತ್ತದೆ.

ಮೊದಲ ಚಿತ್ರದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಅವರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದಾರೆ. ನಾನು ರಟ್ಟಿನ ಮಧ್ಯೆ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ, ಚಿತ್ರದ ಮೇಲಿಟ್ಟು ಮೆಲ್ಲನೆ ಸರಿಸುತ್ತಿದ್ದೆ. ಮೊದಲು ಬೆರಳು, ಆಮೇಲೆ ಅದನ್ನು ಹಿಡಿದ ಕೈ, ಎಲ್ಲಕ್ಕಿಂತ ಕೊನೆಗೆ ಅವರ ಮುಖ. ಆ ಮುಖದಲ್ಲಿ ಭಯ ಕಾಣದೆ ಮಕ್ಕಳು ಬೆರಗಾಗುತ್ತಿದ್ದರು. ಇದು ಸೀಟು ಬಿಡದ ದಿನದ ಚಿತ್ರ ಎಂದೇ ಬಹಳ ಜನ ನಂಬಿದ್ದಾರೆ. ತೆಗೆದದ್ದು 1956ರ ಫೆಬ್ರುವರಿ 22ರಂದು. ಆ ಹೊತ್ತಿಗೆ ಊರಿನ ಕಪ್ಪು ಜನರು ಬಸ್ಸುಗಳನ್ನು ಬಹಿಷ್ಕರಿಸಿ ತಿಂಗಳುಗಳೇ ಆಗಿದ್ದವು. 1921ರ ಕಾನೂನೊಂದನ್ನು ಹುಡುಕಿ ತೆಗೆದು ಬಹಿಷ್ಕಾರದ ಮುಂದಾಳುಗಳ ಮೇಲೆ ಮೊಕದ್ದಮೆ ಹೂಡಿದ್ದರು. ‘ನ್ಯಾಯವಾದ ಕಾರಣವಿಲ್ಲದೆ’ ವ್ಯಾಪಾರಕ್ಕೆ ಅಡ್ಡಿ ಮಾಡಲು ಒಟ್ಟುಗೂಡಬಾರದು ಎನ್ನುತ್ತಿತ್ತು ಆ ಕಾನೂನು. ಆ ಪದಗಳ ಕೆಳಗೆ ಗೆರೆ ಎಳೆದು, ‘ಇವರಿಗಿದ್ದದ್ದು ನ್ಯಾಯವಾದ ಕಾರಣವೇ?’ ಎಂದು ಕೇಳಿ. ಚರ್ಚೆ ಗಂಟೆ ಬಾರಿಸಿದರೂ ನಿಲ್ಲುವುದಿಲ್ಲ.

ಎರಡನೆಯ ಚಿತ್ರದಲ್ಲಿ ಅವರು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಬಿಳಿಯನೊಬ್ಬ ಕುಳಿತಿದ್ದಾನೆ. ‘ಎಬ್ಬಿಸಿದವನು ಅವನೇ’ ಎಂದು ಮಕ್ಕಳು ಹಲ್ಲು ಕಡಿಯುತ್ತಾರೆ. ಅಲ್ಲ, ಅವನು ಸುದ್ದಿಸಂಸ್ಥೆಯ ವರದಿಗಾರ. ದಿನಾಂಕ 1956ರ ಡಿಸೆಂಬರ್ 21. ಬಸ್ಸಿನಲ್ಲಿ ಬಣ್ಣದ ಮೇಲೆ ಸೀಟು ಹಂಚುವ ಕಾನೂನು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿ, 381 ದಿನಗಳ ಬಹಿಷ್ಕಾರ ಮುಗಿದಿತ್ತು. ಪಾರ್ಕ್ಸ್ ಪತ್ರಿಕೆಯವರಿಗಾಗಿ ಕುಳಿತು ತೆಗೆಸಿಕೊಂಡ ಚಿತ್ರ ಅದು. ‘ಹಾಗಾದರೆ ಸುಳ್ಳು ಚಿತ್ರವಾ?’ ಎಂದು ಒಬ್ಬ ಹುಡುಗ ಮೋಸಹೋದವನಂತೆ ಕೇಳಿದ್ದ. ಚಿತ್ರ ಸುಳ್ಳಲ್ಲ, ಅದರ ಕೆಳಗೆ ನಾವು ಬರೆದುಕೊಂಡ ಸಾಲು ಸುಳ್ಳು ಎಂದೆ. ಅಂದಿನಿಂದ ಆ ತರಗತಿ ಯಾವ ಚಿತ್ರ ಕಂಡರೂ ಮೊದಲು ದಿನಾಂಕ ಕೇಳುತ್ತಿತ್ತು.

ಜೊತೆಗೆ ಒಂದು ಖಾಲಿ ಹಾಳೆಯನ್ನೂ ಗೋಡೆಗೆ ಅಂಟಿಸಿ. ಅದರ ಕೆಳಗೆ ‘ಕ್ಲಾಡೆಟ್ ಕಾಲ್ವಿನ್, 15 ವರ್ಷ, 2 ಮಾರ್ಚ್ 1955’ ಎಂದು ಬರೆಯಿರಿ. ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲೇ ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಬಂಧನಕ್ಕೆ ಒಳಗಾದ ಶಾಲಾ ಹುಡುಗಿ ಆಕೆ. ಕಾನೂನನ್ನು ಕೆಡವಿದ ಮೊಕದ್ದಮೆಯಲ್ಲಿ ಇದ್ದ ನಾಲ್ವರು ಮಹಿಳೆಯರಲ್ಲಿ ಆಕೆಯೂ ಒಬ್ಬಳು, ಪಾರ್ಕ್ಸ್ ಇರಲಿಲ್ಲ. ಆ ಖಾಲಿ ಹಾಳೆಯ ಮುಂದೆ ಮಕ್ಕಳು ನಿಲ್ಲುವ ರೀತಿಯೇ ಬೇರೆ.

ಪ್ರಶ್ನೆ: ಮಗಳ ಶಾಲೆಯಲ್ಲಿ ಇಂಥ ಪಾಠ ನಡೆಯುತ್ತಿದೆ. ಮನಸ್ಸಿಗೆ ಒಪ್ಪದ ಕಾನೂನನ್ನೆಲ್ಲ ಮುರಿಯಬಹುದು ಎಂದು ಮಕ್ಕಳು ತಿಳಿಯುವುದಿಲ್ಲವೇ? ತಂದೆಯಾಗಿ ನನಗೆ ಕಳವಳ.

ಉತ್ತರ: ನಿಮ್ಮ ಕಳವಳ ನ್ಯಾಯವಾದದ್ದು. ಮೇಲೆ ಹೇಳಿದ ಬೆರಳಚ್ಚಿನ ಚಿತ್ರವನ್ನೇ ಮಗಳೊಂದಿಗೆ ಕುಳಿತು ನೋಡಿ. ಅಂದು ಬಹಿಷ್ಕಾರದ ಮುಂದಾಳುಗಳನ್ನು ಮನೆಮನೆಗೆ ಹೋಗಿ ಎಳೆದು ತರುವ ಕಷ್ಟ ಪೊಲೀಸರಿಗೆ ಇರಲಿಲ್ಲ. ಅನೇಕರು ಒಳ್ಳೆಯ ಬಟ್ಟೆ ತೊಟ್ಟು ತಾವಾಗಿಯೇ ಠಾಣೆಗೆ ಬಂದು ನಿಂತರು. ಕದ್ದು ಮುರಿಯುವುದಕ್ಕೂ, ಎಲ್ಲರೆದುರು ಮುರಿದು ಶಿಕ್ಷೆಗೆ ಕೈ ಚಾಚುವುದಕ್ಕೂ ಇರುವ ಅಂತರ ಆ ಚಾಚಿದ ಬೆರಳಿನಲ್ಲಿದೆ.

ಇನ್ನೊಂದು ಚಿತ್ರವನ್ನೂ ನೋಡಿ. 1957ರ ಸೆಪ್ಟೆಂಬರ್ 4, ಅಮೆರಿಕದ ಲಿಟಲ್ ರಾಕ್ ನಗರ. 15 ವರ್ಷದ ಎಲಿಜಬೆತ್ ಎಕ್‌ಫರ್ಡ್ ಪುಸ್ತಕ ಅವಚಿಕೊಂಡು ನಡೆಯುತ್ತಿದ್ದಾಳೆ, ಬೆನ್ನ ಹಿಂದೆ ಕೂಗುವ ಗುಂಪು. ಅದುವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಒಟ್ಟಿಗೆ ಹೋಗುವುದೆಂದು ಗೊತ್ತಾಗಿತ್ತು. ಅವಳ ಮನೆಯಲ್ಲಿ ಫೋನ್ ಇಲ್ಲದ್ದರಿಂದ ಸುದ್ದಿ ಮುಟ್ಟದೆ ಒಬ್ಬಳೇ ಬಂದಳು. ಇಲ್ಲಿ ಕಾನೂನು ಮುರಿದವರು ಯಾರು? ಬಣ್ಣ ನೋಡಿ ಶಾಲೆ ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿತ್ತು. ಕಾನೂನು ಆ ಹುಡುಗಿಯ ಕಡೆಗಿತ್ತು, ಸೈನಿಕರಿಗೆ ಬಂದೂಕು ಹಿಡಿಸಿ ಅವಳನ್ನು ತಡೆದದ್ದು ಅಲ್ಲಿನ ರಾಜ್ಯ ಸರ್ಕಾರದ ಮುಖ್ಯಸ್ಥರಾದ ಗವರ್ನರ್. ಮೊದಲ ನೋಟಕ್ಕೆ ಕಾನೂನನ್ನು ಎದುರಿಸಿದ ಹುಡುಗಿಯ ಹಾಗೆ ಕಂಡವಳು, ಎರಡನೆಯ ನೋಟಕ್ಕೆ ಕಾನೂನನ್ನು ಪಾಲಿಸಲು ಹೊರಟವಳಾಗಿ ಕಾಣುತ್ತಾಳೆ. ಇದನ್ನು ಮನಸ್ಸಿಟ್ಟು ನೋಡಿದ ಮಗು ಸಿಕ್ಕಿದ ಕಾನೂನನ್ನೆಲ್ಲ ಮುರಿಯಲು ಹೊರಡುತ್ತದೆ ಎಂದು ನಾನು ನಂಬುವುದಿಲ್ಲ. ಯಾರು ಮಾಡಿದ ಕಾನೂನು, ಯಾರಿಗೆ ಅನ್ವಯ, ಮಾಡಿದವರಿಗೂ ಅನ್ವಯಿಸುತ್ತದೆಯೇ ಎಂದು ಅದು ಕೇಳುತ್ತದೆ.

ಚಿತ್ರದಲ್ಲಿ ಬಾಯಿ ತೆರೆದು ಕೂಗುತ್ತಿರುವ ಹುಡುಗಿಯ ಬಗ್ಗೆಯೂ ನಿಮ್ಮ ಮಗಳು ಕೇಳಬಹುದು. ಅವಳೂ ಎಲಿಜಬೆತ್‌ಳ ಓರಗೆಯವಳೇ. ಕೆಲವು ವರ್ಷಗಳ ನಂತರ ತಾನಾಗಿ ಫೋನ್ ಮಾಡಿ ಕ್ಷಮೆ ಕೇಳಿದಳು. ಅದನ್ನೂ ಹೇಳಿ. ಆದರೆ ಚಿತ್ರವನ್ನು ಮೊದಲು ಚೆನ್ನಾಗಿ ನೋಡಲು ಬಿಟ್ಟು, ಆಮೇಲೆ ಹೇಳಿ.