ಉತ್ತರ: ಕೆಟ್ಟ ಮಾನಿಟರ್‌ಗಳು ಗಡಿ ದಾಟುವುದು ಹೇಗೆ?

ಕೆಟ್ಟ ಕಂಪ್ಯೂಟರ್ ಮಾನಿಟರ್‌ಗಳು ‘ಸೆಕೆಂಡ್ ಹ್ಯಾಂಡ್ ಸಾಮಾನು’ ಅಂತ ಗಡಿ ದಾಟುತ್ತವಲ್ಲ, ಕಾನೂನೇ ಇಲ್ವಾ ಅಂತ ಕೇಳಿದ್ದೀರಿ. ಇದೆ. 1989ರ ಬಾಸೆಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅಪಾಯಕಾರಿ ಕಸ ಕಳಿಸುವ ಮೊದಲು ಪಡೆಯುವ ದೇಶದ ಲಿಖಿತ ಒಪ್ಪಿಗೆ ಬೇಕು. 2025ರ ಜನವರಿಯಿಂದ ಎಲ್ಲ ಇ-ತ್ಯಾಜ್ಯಕ್ಕೂ ಇದೇ ನಿಯಮ.

ಆದರೆ ಕಂಟೇನರ್ ಬಾಗಿಲು ತೆಗೆದರೆ ಎದುರಿಗೆ ಚೆನ್ನಾಗಿರುವ ನಾಲ್ಕು ಪೆಟ್ಟಿಗೆ, ಹಿಂದೆಲ್ಲ ಒಡೆದ ಗಾಜು, ಕತ್ತರಿಸಿದ ವೈರು. ಪೂರ್ತಿ ಇಳಿಸಿ ನೋಡಲು ಯಾರಿಗೆ ಪುರುಸೊತ್ತು? ಹಾಗಾಗಿ ಹೊರಡುವ ಬಂದರಿನಲ್ಲೇ ಹಿಡಿಯಬೇಕು ಅನ್ನುವುದು ನನ್ನ ವಾದ. ಪ್ರತಿ ಯಂತ್ರವೂ ಕೆಲಸ ಮಾಡುತ್ತದೆ ಎಂಬ ಪರೀಕ್ಷೆಯ ದಾಖಲೆ ಕೇಳಬೇಕು. ಸುಮ್ನೆ ರಾಶಿ ಸುರಿದಿದ್ದರೆ ಅನುಮಾನ ಪಡಬೇಕು. ಮತ್ತೆ ಬಳಸುವ ಟಿವಿಯನ್ನು ಯಾರೂ ಹಾಗೆ ತುಂಬುವುದಿಲ್ಲ, ಅಲ್ವಾ?

ತಪ್ಪು ಕಳಿಸಿದವರದ್ದಾದರೆ, ವಿಷಯ ತಿಳಿದ ಮೇಲೆ ಸಾಮಾನ್ಯವಾಗಿ 30 ದಿನದೊಳಗೆ ವಾಪಸ್ ಒಯ್ಯುವ ಹೊಣೆ ಕಳಿಸಿದ ದೇಶದ್ದೇ.