ಓದುಗರ ಪ್ರಶ್ನೆ: ಮಿರಿಸ್ಸದ ಕಡಲಿನಲ್ಲಿ ನೀಲಿ ತಿಮಿಂಗಿಲ

ಶ್ರೀಲಂಕಾದ ದಕ್ಷಿಣ ತುದಿಯ ಬಳಿಯಿರುವ ಮಿರಿಸ್ಸ ಎಂಬ ಮೀನುಗಾರರ ಊರಿನಿಂದ ದೋಣಿಯಲ್ಲಿ ಹೋಗಿ ನೀಲಿ ತಿಮಿಂಗಿಲ ನೋಡಿ ಬಂದದ್ದನ್ನು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದಿದ್ದೆ. ಅದನ್ನು ಓದಿ ಅನೇಕರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಐದನ್ನು ಈ ಬಾರಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ನೀಲಿ ತಿಮಿಂಗಿಲವನ್ನು ತೋರಿಸಬೇಕೆಂಬ ಆಸೆ. ಜೊತೆಗೆ 68 ವರ್ಷದ ತಾಯಿಯೂ ಬರುತ್ತಾರೆ. ಶಾಲೆಗೆ ದೊಡ್ಡ ರಜೆ ಸಿಗುವುದು ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಮಾತ್ರ. ಆಗ ಹೋದರೆ ತಿಮಿಂಗಿಲ ಕಾಣುತ್ತದೆಯೇ? — ಓದುಗರೊಬ್ಬರು, ಶಿವಮೊಗ್ಗ

ಕಾಣುವ ಸಾಧ್ಯತೆ ಇದೆ. ಆದರೆ ಏಪ್ರಿಲ್‌ನಲ್ಲಿ ಹೋಗುವಿರೋ ಮೇ ತಿಂಗಳಲ್ಲಿ ಹೋಗುವಿರೋ ಎಂಬುದರ ಮೇಲೆ ಯಾವ ಕರಾವಳಿಗೆ ಹೋಗಬೇಕೆಂಬುದೇ ಬದಲಾಗುತ್ತದೆ. ಶ್ರೀಲಂಕಾ ಚಿಕ್ಕ ದ್ವೀಪವಾದರೂ ಅದಕ್ಕೆ ಎರಡು ಮಳೆಮಾರುತಗಳ ಕಾಲವಿದೆ. ನಮ್ಮ ಮಲೆನಾಡಿಗೆ ಮಳೆ ತರುವ ನೈಋತ್ಯ ಮಾರುತವೇ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ದಕ್ಷಿಣ ಮತ್ತು ಪಶ್ಚಿಮದ ಕಡಲನ್ನು ಕದಡುತ್ತದೆ, ಆಗ ಪೂರ್ವದ ಕಡಲು ಶಾಂತವಾಗಿರುತ್ತದೆ. ನವೆಂಬರ್ ಹೊತ್ತಿಗೆ ಈಶಾನ್ಯ ಮಾರುತ ಬೀಸತೊಡಗಿದಾಗ ಪರಿಸ್ಥಿತಿ ತಿರುವುಮುರುವಾಗುತ್ತದೆ. ಹೀಗಾಗಿ ದಕ್ಷಿಣದ ಮಿರಿಸ್ಸದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ದೋಣಿಗಳು ಹೊರಡುತ್ತವೆ, ಪೂರ್ವದ ಟ್ರಿಂಕೋಮಲಿಯಲ್ಲಿ ಮೇ ತಿಂಗಳಿನಿಂದ ಮುಂದಿನ ಕೆಲವು ತಿಂಗಳು ಹೊರಡುತ್ತವೆ. ಇದನ್ನು ಎಲ್ಲರೂ ತಿಮಿಂಗಿಲಗಳ ಋತು ಎನ್ನುತ್ತಾರೆ. ನನಗನ್ನಿಸುವಂತೆ ಅದು ದೋಣಿಗಳ ಋತು, ಏಕೆಂದರೆ ಬಿರುಗಾಳಿಯ ತಿಂಗಳುಗಳಲ್ಲಿ ತಿಮಿಂಗಿಲ ಅಲ್ಲಿದ್ದರೂ ಅದನ್ನು ನೋಡಲು ಹೋಗುವ ದಾರಿ ನಮಗಿರುವುದಿಲ್ಲ.

ಶಾಲೆಯ ಪರೀಕ್ಷೆ ಮುಗಿದೊಡನೆ ಏಪ್ರಿಲ್ ಮಧ್ಯದಲ್ಲಿಯೇ ಹೊರಡಲು ಸಾಧ್ಯವಾದರೆ ಮಿರಿಸ್ಸಕ್ಕೆ ಹೋಗಿ. ಒಂದು ವಿಷಯ ಮಾತ್ರ ನೆನಪಿರಲಿ: ಏಪ್ರಿಲ್ 13 ಮತ್ತು 14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ ಬರುತ್ತದೆ. ನಮ್ಮ ಯುಗಾದಿಯಂತೆ ಅದು ಅಲ್ಲಿ ಮನೆಮಂದಿಯ ಹಬ್ಬ. ಅಂಗಡಿ, ಹೋಟೆಲುಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ, ಬಸ್ಸು ರೈಲುಗಳು ತುಂಬಿ ತುಳುಕುತ್ತವೆ. ಆ ವಾರ ಕಳೆದ ಮೇಲೆ ಹೋಗುವುದು ಲೇಸು. ಏಪ್ರಿಲ್ ಕೊನೆಯ ವಾರಕ್ಕೆ ದಕ್ಷಿಣದ ಕಡಲು ಒರಟಾಗತೊಡಗುತ್ತದೆ. ಅಲ್ಲಿಂದ ಮುಂದೆ ಮೇ ತಿಂಗಳಿಗೆ ಹೊರಡುವುದಾದರೆ ಟ್ರಿಂಕೋಮಲಿಯೇ ಸರಿ.

ನಿಮ್ಮ ತಾಯಿಯವರ ವಿಷಯದಲ್ಲಿ ಈ ಎರಡು ಊರುಗಳ ನಡುವೆ ಇನ್ನೊಂದು ವ್ಯತ್ಯಾಸವಿದೆ. ಮಿರಿಸ್ಸದಲ್ಲಿ ಎರಡು ಅಂತಸ್ತಿನ, ನೆರಳೂ ಶೌಚಾಲಯವೂ ಇರುವ ದೊಡ್ಡ ದೋಣಿಗಳು ಸಿಗುತ್ತವೆ. ಟ್ರಿಂಕೋಮಲಿಯಲ್ಲಿ ಹೆಚ್ಚಾಗಿ ಸಿಗುವುದು ಚಿಕ್ಕ ತೆರೆದ ದೋಣಿಗಳು. ಅವು ಅಲೆಯ ಮೇಲೆ ಹಾರಿ ಬಿದ್ದಾಗ ಬೆನ್ನುಮೂಳೆಗೆ ಬೀಳುವ ಪೆಟ್ಟು ವಯಸ್ಸಾದವರಿಗೆ ಸಣ್ಣದಲ್ಲ. ಆದರೆ ಟ್ರಿಂಕೋಮಲಿಯಲ್ಲಿ ಮಿರಿಸ್ಸದಲ್ಲಿಲ್ಲದ ಒಂದು ಭಾಗ್ಯವಿದೆ. ಅಲ್ಲಿನ ಕೋಣೇಶ್ವರಂ ಶಿವಾಲಯವಿರುವುದು ಸ್ವಾಮಿ ಬಂಡೆ ಎಂಬ, ಕಡಲಿಗೆ ಚಾಚಿ ನಿಂತ ಕಡಿದಾದ ಬಂಡೆಯ ಮೇಲೆ. ತೀರಕ್ಕೆ ಬಹಳ ಹತ್ತಿರದಲ್ಲಿಯೇ ಆಳವಾದ ಕಡಲಕಣಿವೆ ಇರುವುದರಿಂದ ಆ ಬಂಡೆಯ ಮೇಲೆ ನಿಂತು ತಿಮಿಂಗಿಲದ ಉಸಿರಿನ ಕಾರಂಜಿಯನ್ನು ಕಂಡವರಿದ್ದಾರೆ. ನೀವೂ ಮಗಳೂ ದೋಣಿಯಲ್ಲಿ ಹೋದ ಬೆಳಿಗ್ಗೆ ತಾಯಿಯವರು ದೇವರ ದರ್ಶನ ಮುಗಿಸಿ, ಒಂದು ದುರ್ಬೀನು ಹಿಡಿದು ಅಲ್ಲಿ ಕುಳಿತಿರಬಹುದು. ಕಂಡೇ ಕಾಣುತ್ತದೆಂದು ನಾನು ಹೇಳಲಾರೆ, ಆದರೆ ಅಷ್ಟು ಹೊತ್ತು ಆ ಕಡಲನ್ನು ನೋಡುತ್ತ ಕೂರುವುದೇ ಒಂದು ಸುಖ.

ಎರಡರಲ್ಲಿ ಯಾವ ಊರಿಗೆ ಹೋದರೂ ಒಂದೇ ಬೆಳಗಿನ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಕನಿಷ್ಠ ಮೂರು ರಾತ್ರಿ ಉಳಿದರೆ, ಒಂದು ದಿನ ಗಾಳಿ ಹೆಚ್ಚಾಗಿ ದೋಣಿ ನಿಂತರೂ ಮಗುವಿಗೆ ನಿರಾಸೆಯಾಗುವುದಿಲ್ಲ.

ಪ್ರಶ್ನೆ: ನೀಲಿ ತಿಮಿಂಗಿಲಗಳು ಧ್ರುವ ಪ್ರದೇಶದ ತಣ್ಣನೆಯ ನೀರಿನಲ್ಲಿ ಮೇಯುತ್ತವೆ, ಮರಿ ಹಾಕಲು ಮಾತ್ರ ಬೆಚ್ಚನೆಯ ಕಡಲಿಗೆ ಬರುತ್ತವೆ ಎಂದು ಓದಿದ್ದೇನೆ. ಹಾಗಾದರೆ ಸಮಭಾಜಕ ವೃತ್ತದ ಸನಿಹದ ದ್ವೀಪದ ಸುತ್ತ ಅವು ಏನು ಮಾಡುತ್ತಿವೆ? — ವಿಜ್ಞಾನ ಶಿಕ್ಷಕರು, ಹುಬ್ಬಳ್ಳಿ

ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಈ ಪ್ರಶ್ನೆ. ನೀವು ಓದಿದ್ದು ಇತರ ಮಹಾಸಾಗರಗಳ ಮಟ್ಟಿಗೆ ಬಹುಪಾಲು ನಿಜ. ಆದರೆ ಗೋಡೆಯ ಮೇಲಿನ ಭೂಪಟವನ್ನು ಒಮ್ಮೆ ನೋಡಿ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳು ಉತ್ತರಕ್ಕೆ ತೆರೆದುಕೊಂಡು ಹಿಮದ ನೀರಿನವರೆಗೆ ಹೋಗುತ್ತವೆ. ಹಿಂದೂ ಮಹಾಸಾಗರಕ್ಕೆ ಮಾತ್ರ ಏಷ್ಯಾ ಖಂಡವೇ ಅಡ್ಡಗೋಡೆಯಾಗಿ ನಿಂತಿದೆ. ಇಲ್ಲಿನ ಉತ್ತರ ಭಾಗದ ನೀಲಿ ತಿಮಿಂಗಿಲಗಳಿಗೆ ಉತ್ತರಕ್ಕೆ ಹೋಗಲು ದಾರಿಯಿಲ್ಲ, ದಕ್ಷಿಣ ಧ್ರುವದ ಕಡೆಗೂ ಇವು ವಲಸೆ ಹೋಗುವುದಿಲ್ಲ. ವರ್ಷವಿಡೀ ಬೆಚ್ಚನೆಯ ನೀರಿನಲ್ಲಿಯೇ ಮೇದು, ಮರಿ ಹಾಕಿ, ಬದುಕುತ್ತವೆ. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳಿಗಿಂತ ಗಾತ್ರದಲ್ಲಿಯೂ ಇವು ಚಿಕ್ಕವು. ಚಿಕ್ಕವು ಎಂದರೂ ಇಪ್ಪತ್ತು ಮೀಟರ್ ದಾಟುವಂಥವು, ಅಂದರೆ ಎರಡು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ.

ಈ ರಹಸ್ಯದ ಬೆನ್ನು ಹತ್ತಿದವರು ಶ್ರೀಲಂಕಾದ ಕಡಲ ಜೀವವಿಜ್ಞಾನಿ ಆಶಾ ಡಿ ವೋಸ್. ಇನ್ನೂ ಎಳೆಯ ಸಂಶೋಧಕಿಯಾಗಿ 2003ರಲ್ಲಿ ಸಂಶೋಧನಾ ನೌಕೆಯೊಂದರಲ್ಲಿದ್ದಾಗ ಅವರು ಒಂದೆಡೆ ಸೇರಿದ್ದ ನೀಲಿ ತಿಮಿಂಗಿಲಗಳನ್ನೂ ನೀರಿನ ಮೇಲೆ ತೇಲುತ್ತಿದ್ದ ಕೆಂಪು ಬಣ್ಣದ ಲದ್ದಿಯನ್ನೂ ಕಂಡರು. ಬೆಚ್ಚನೆಯ ಕಡಲಿನಲ್ಲಿ ತಿಮಿಂಗಿಲಗಳು ಉಪವಾಸ ಇರುತ್ತವೆ ಎಂದು ಪಾಠ ಹೇಳುತ್ತಿತ್ತು. ಲದ್ದಿ ಇದೆ ಎಂದ ಮೇಲೆ ಅವು ಅಲ್ಲಿ ತಿನ್ನುತ್ತಿವೆ ಎಂದೇ ಅರ್ಥ. ನಿಮ್ಮ ತರಗತಿಯ ಮಕ್ಕಳಿಗೆ ಈ ಕಥೆಯನ್ನು ದಯವಿಟ್ಟು ಹೇಳಿ. ಒಂದು ಪ್ರಾಣಿಯ ಲದ್ದಿಯನ್ನು ಕಂಡು ಮೂಗು ಮುಚ್ಚಿಕೊಳ್ಳದೆ ಯೋಚಿಸಿದ್ದರಿಂದ ಒಂದು ಹೊಸ ತಿಳಿವಳಿಕೆ ಹುಟ್ಟಿತು ಎಂಬುದು ಅವರಿಗೆ ಬಹುಕಾಲ ನೆನಪಿರುತ್ತದೆ. ತಣ್ಣನೆಯ ಕಡಲಿನ ನೀಲಿ ತಿಮಿಂಗಿಲಗಳು ಕ್ರಿಲ್ ಎಂಬ ಸಣ್ಣ ಕಡಲಜೀವಿಗಳನ್ನು ತಿನ್ನುವುದು ಪ್ರಸಿದ್ಧ. ಇಲ್ಲಿನವು ಮುಖ್ಯವಾಗಿ ಒಂದು ಬಗೆಯ ಪುಟ್ಟ ಸಿಗಡಿಗಳನ್ನು ತಿನ್ನುತ್ತವೆ ಎಂಬುದೂ ಮುಂದಿನ ಸಂಶೋಧನೆಯಲ್ಲಿ ತಿಳಿಯಿತು.

ಮಿರಿಸ್ಸದ ಬಳಿಯೇ ಅವು ಏಕೆ ಸೇರುತ್ತವೆ ಎಂಬುದಕ್ಕೆ ಉತ್ತರ ಕಡಲತಳದಲ್ಲಿದೆ. ನಮ್ಮ ಕಾರವಾರ, ಮಲ್ಪೆಗಳ ಮುಂದೆ ಕಡಲು ಹತ್ತಾರು ಕಿಲೋಮೀಟರ್ ದೂರದವರೆಗೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ದ್ವೀಪದ ದಕ್ಷಿಣ ತುದಿಯಾದ ದೊಂಡ್ರ ಭೂಶಿರದ ಮುಂದೆ ಹಾಗಲ್ಲ. ತೀರದಿಂದ ಸ್ವಲ್ಪ ದೂರದಲ್ಲಿಯೇ ತಳ ಕುಸಿದು ಮಹಾ ಆಳ ಎದುರಾಗುತ್ತದೆ. ಆಳದಿಂದ ಮೇಲೆ ಬರುವ ಪೋಷಕಾಂಶಭರಿತ ನೀರು ಸೂಕ್ಷ್ಮ ಸಸ್ಯಗಳನ್ನು ಬೆಳೆಸುತ್ತದೆ, ಅವನ್ನು ತಿನ್ನಲು ಸಿಗಡಿಗಳು ಬರುತ್ತವೆ, ಸಿಗಡಿಗಳಿಗಾಗಿ ತಿಮಿಂಗಿಲ. ದೊಂಡ್ರಕ್ಕೆ ಸಿಂಹಳದಲ್ಲಿ ದೆವಿನುವರ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ದೇವನಗರ. ಅಲ್ಲಿದ್ದ ಹಳೆಯ ವೈಭವದ ದೇವಾಲಯವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನೆಲಸಮ ಮಾಡಿದರು. ಇಂದು ಅಲ್ಲಿ ವಿಷ್ಣುವಿನ ದೇವಾಲಯವೂ, ಕಡಲ ಅಂಚಿನಲ್ಲಿ ಎತ್ತರದ ದೀಪಸ್ತಂಭವೂ ಇವೆ. ಮಿರಿಸ್ಸಕ್ಕೆ ಹೋದವರು ಒಂದು ಸಂಜೆಯನ್ನು ಅಲ್ಲಿಗೆ ಮೀಸಲಿಡಬಹುದು.

ಪ್ರಶ್ನೆ: ನನಗೆ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ ಬರುತ್ತದೆ. ಕಡಲಿನಲ್ಲಿ ನಾಲ್ಕೈದು ಗಂಟೆ ಕಳೆಯಬಲ್ಲೆನೇ? — ಗೃಹಿಣಿ, ತೀರ್ಥಹಳ್ಳಿ

ಸಿದ್ಧತೆ ಮಾಡಿಕೊಂಡರೆ ಕಳೆಯಬಹುದು. ಪ್ರಯಾಣದ ವಾಂತಿಗೆ ಕೊಡುವ ಮಾತ್ರೆ ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ದೋಣಿ ಹತ್ತುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನೀವು ಬೇರೆ ಔಷಧಿ ಸೇವಿಸುತ್ತಿದ್ದರೆ ಯಾವ ಮಾತ್ರೆ ಆಗಬಹುದೆಂದು ಊರಿನಲ್ಲಿಯೇ ನಿಮ್ಮ ವೈದ್ಯರನ್ನು ಕೇಳಿಕೊಂಡು ಹೋಗಿ. ಕೆಲವು ಮಾತ್ರೆಗಳಿಂದ ಬಹಳ ನಿದ್ದೆ ಬರುತ್ತದೆ. ದೋಣಿಗಳು ಬೆಳಿಗ್ಗೆ ಆರೂವರೆಯ ಸುಮಾರಿಗೆ ಹೊರಡುವುದರಿಂದ ಬರಿಹೊಟ್ಟೆಯಲ್ಲಿ ಹೋಗುವವರೇ ಹೆಚ್ಚು, ಅದು ತಪ್ಪು. ಎರಡು ಇಡ್ಲಿಯಷ್ಟೋ ಒಂದು ಬಾಳೆಹಣ್ಣಿನಷ್ಟೋ ಹೊಟ್ಟೆಯಲ್ಲಿರಲಿ, ಕರಿದದ್ದು ಬೇಡ. ಮೇಲಿನ ಅಂತಸ್ತಿನಿಂದ ನೋಟ ಚೆನ್ನಾಗಿರುತ್ತದೆ, ಆದರೆ ತೂಗಾಟವೂ ಅಲ್ಲಿಯೇ ಹೆಚ್ಚು. ನೀವು ಕೆಳಗೆ, ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತದ ಗೆರೆಯ ಮೇಲೆ ಕಣ್ಣಿಡಿ. ಮೊಬೈಲಿನ ಪರದೆಯನ್ನು ನೋಡಿದ ಕ್ಷಣವೇ ಹೊಟ್ಟೆ ತೊಳಸತೊಡಗುತ್ತದೆ. ಶುಂಠಿಯ ಚೂರು ಬಾಯಲ್ಲಿಟ್ಟುಕೊಂಡದ್ದು ನನಗೆ ಹಿತವಾಗಿತ್ತು.

ಪ್ರಶ್ನೆ: ಹತ್ತು ದೋಣಿಗಳು ಒಂದು ತಿಮಿಂಗಿಲವನ್ನು ಮುತ್ತಿಕೊಂಡಿರುವ ವಿಡಿಯೊ ನೋಡಿ ಮನಸ್ಸಿಗೆ ನೋವಾಯಿತು. ಇಂಥ ಪ್ರವಾಸಕ್ಕೆ ಹೋಗುವುದೇ ತಪ್ಪಲ್ಲವೇ? — ಕಾಲೇಜು ವಿದ್ಯಾರ್ಥಿನಿ, ಮೈಸೂರು

ನಿಮ್ಮ ನೋವು ನ್ಯಾಯವಾದದ್ದು. ನನ್ನ ಮೊದಲ ಪ್ರವಾಸದಲ್ಲಿ ನಾನು ಅಂಥದೇ ಒಂದು ದೋಣಿಯಲ್ಲಿದ್ದೆ. ತಿಮಿಂಗಿಲ ಮೇಲೆದ್ದ ಕಡೆಗೆ ಚಾಲಕ ಪೂರ್ಣ ವೇಗದಲ್ಲಿ ನುಗ್ಗಿದ, ಎಡಬಲಗಳಿಂದ ಇನ್ನೂ ಮೂರು ದೋಣಿಗಳು ಬಂದವು, ಪ್ರಾಣಿ ಎರಡೇ ಉಸಿರಿಗೆ ಮುಳುಗಿಹೋಯಿತು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಾಚಿಕೆಯಾಯಿತು. ಮುಳುಗುವ ಮೊದಲು ನೀಲಿ ತಿಮಿಂಗಿಲ ನೀರಿನ ಮೇಲ್ಮೈಯಲ್ಲಿದ್ದು ಹಲವು ಬಾರಿ ಉಸಿರಾಡಿ ರಕ್ತಕ್ಕೆ ಬೇಕಾದ ಆಮ್ಲಜನಕ ತುಂಬಿಕೊಳ್ಳಬೇಕು. ಆ ಉಸಿರುಗಳನ್ನು ನಾವು ಕಿತ್ತುಕೊಂಡರೆ ಅದರ ಮುಂದಿನ ಊಟವನ್ನೂ ಕಿತ್ತುಕೊಂಡಂತೆ.

ಮರುವರ್ಷ ಬೇರೆ ದೋಣಿಯಲ್ಲಿ ಹೋದೆ. ಅದರ ಚಾಲಕ ದೂರದಲ್ಲಿ ಒಂಬತ್ತು ಹತ್ತು ಮೀಟರ್ ಎತ್ತರದ, ಕಂಬದಂತೆ ನೇರವಾದ ಉಸಿರಿನ ಕಾರಂಜಿಯನ್ನು ಕಂಡೊಡನೆ ವೇಗ ತಗ್ಗಿಸಿ, ಪಕ್ಕದಿಂದ ನಿಧಾನವಾಗಿ ಸಾಗಿ, ದೂರದಲ್ಲಿಯೇ ದೋಣಿಯನ್ನು ನಿಲ್ಲಿಸಿದ. ತಿಮಿಂಗಿಲ ಬಾಲವೆತ್ತಿ ಮುಳುಗಿದ ಮೇಲೆ ನೀರಿನ ಮೇಲೆ ಎಣ್ಣೆ ಸುರಿದಂಥ ನುಣುಪಾದ ವೃತ್ತವೊಂದು ಉಳಿಯಿತು. ಚಾಲಕ ಕೈಗಡಿಯಾರ ನೋಡಿಕೊಂಡು, "ಹತ್ತು ನಿಮಿಷ ಕಾಯೋಣ" ಎಂದ. ಹನ್ನೊಂದನೆಯ ನಿಮಿಷಕ್ಕೆ ಅದು ತಾನಾಗಿ ನಮ್ಮ ಕಡೆಗೇ ಎದ್ದಿತು. ಅದರ ಉಸಿರಿನ ಸದ್ದು ನಮಗೆಲ್ಲ ಕೇಳಿಸಿತು.

ಹಾಗಾಗಿ ಹೋಗುವುದು ತಪ್ಪಲ್ಲ, ಯಾರೊಡನೆ ಹೋಗುತ್ತೇವೆ ಎಂಬುದು ಮುಖ್ಯ. ಶ್ರೀಲಂಕಾ ಸರ್ಕಾರ 2012ರಲ್ಲಿಯೇ ತಿಮಿಂಗಿಲ ವೀಕ್ಷಣೆಗೆ ನಿಯಮಗಳನ್ನು ಹೊರಡಿಸಿದೆ; ತಿಮಿಂಗಿಲದಿಂದ 100 ಮೀಟರ್ ದೂರ ಕಾಯ್ದುಕೊಳ್ಳಬೇಕೆಂಬುದು ಅವುಗಳಲ್ಲಿ ಒಂದು. ಟಿಕೆಟ್ ಕೊಳ್ಳುವ ಮೊದಲು ಎಷ್ಟು ಹತ್ತಿರ ಹೋಗುತ್ತೀರಿ ಎಂದು ಕೇಳಿ. "ಮುಟ್ಟುವಷ್ಟು ಹತ್ತಿರ" ಎಂದು ಉಬ್ಬಿ ಹೇಳುವವರನ್ನು ಬಿಟ್ಟು ಮುಂದಿನವರ ಬಳಿಗೆ ಹೋಗಿ. ಕಡಿಮೆ ದರಕ್ಕೆ ಹೆಚ್ಚು ಜನರನ್ನು ತುಂಬುವ ದೋಣಿಗಳೇ ಅವಸರವನ್ನೂ ಹೆಚ್ಚು ಮಾಡುತ್ತವೆ ಎಂಬುದು ನಾನು ಕಂಡ ಸಂಗತಿ. ದೋಣಿ ಹತ್ತಿದ ಮೇಲೂ, ಚಾಲಕ ಬೆನ್ನಟ್ಟಲು ಹೊರಟರೆ ಬೇಡವೆಂದು ಪ್ರಯಾಣಿಕರೇ ಹೇಳಬೇಕು. ನಾವು ಕೊಡುವ ಹಣಕ್ಕಾಗಿ ಆತ ಬೆನ್ನಟ್ಟುತ್ತಾನೆ, ನಮ್ಮ ಮಾತಿಗೆ ನಿಲ್ಲುವುದೂ ಉಂಟು.

ನಿಮ್ಮ ಕಾಳಜಿ ಇಷ್ಟು ಗಾಢವಾಗಿರುವುದರಿಂದ ಇನ್ನೊಂದು ಮಾತು. ಆ ತಿಮಿಂಗಿಲಗಳಿಗೆ ಪ್ರವಾಸಿ ದೋಣಿಗಿಂತ ಬಹು ದೊಡ್ಡ ಅಪಾಯ ಸರಕು ಹಡಗುಗಳದ್ದು. ಪೂರ್ವ ಏಷ್ಯಾದಿಂದ ಸೂಯೆಜ್ ಕಾಲುವೆಯ ಕಡೆಗೆ ಹೋಗುವ, ಜಗತ್ತಿನ ಅತ್ಯಂತ ದಟ್ಟಣೆಯ ಹಡಗುದಾರಿಗಳಲ್ಲೊಂದು ದೊಂಡ್ರದ ಮುಂದೆ, ತಿಮಿಂಗಿಲಗಳು ಮೇಯುವ ಜಾಗದ ಮೇಲೆಯೇ ಹಾದುಹೋಗುತ್ತದೆ. ಆ ದಾರಿಯನ್ನು 15 ನಾಟಿಕಲ್ ಮೈಲಿ (ಸುಮಾರು 28 ಕಿಲೋಮೀಟರ್) ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಯ ಅಪಾಯ ಶೇಕಡಾ 95ರಷ್ಟು ತಗ್ಗುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. 2022ರಲ್ಲಿ ಮೆಡಿಟರೇನಿಯನ್ ಶಿಪ್ಪಿಂಗ್ ಕಂಪನಿ ತನ್ನ ಹಡಗುಗಳನ್ನು ಸ್ವಇಚ್ಛೆಯಿಂದ ದಕ್ಷಿಣದ ದಾರಿಗೆ ತಿರುಗಿಸಿತು. ದೋಣಿಯಲ್ಲಿ ನಿಂತಾಗ ದಿಗಂತದಲ್ಲಿ ಸಾಲಾಗಿ ಸಾಗುವ ಆ ಹಡಗುಗಳು ನಿಮಗೂ ಕಾಣುತ್ತವೆ. ತಿಮಿಂಗಿಲ ಎದ್ದ ದಿಕ್ಕಿನಲ್ಲಿಯೇ ಒಂದು ಹಡಗು ಬರುತ್ತಿರುವುದನ್ನು ನೋಡುವಾಗ ಎದೆ ಡವಗುಟ್ಟುತ್ತದೆ.

ಪ್ರಶ್ನೆ: ತಿಮಿಂಗಿಲದ ಜೊತೆ ಈಜಲು ಅವಕಾಶವಿದೆಯೇ? ಅಷ್ಟು ದೂರ ಹೋಗದೆ ನಮ್ಮ ಕರಾವಳಿಯಲ್ಲಿಯೇ ನೋಡಬಹುದೇ? — ಓದುಗರೊಬ್ಬರು, ಕುಮಟಾ

ಈಜುವ ಆಸೆಯನ್ನು ಬಿಟ್ಟುಬಿಡಿ. ಕಡಲ ಆಳ, ಸೆಳವು, ಪ್ರಾಣಿಯ ಗಾತ್ರ, ಮೂರೂ ನಿಮ್ಮ ಅಳತೆಗೆ ಮೀರಿದವು, ಅದರ ನೆಮ್ಮದಿಗೂ ಭಂಗ.

ನಮ್ಮ ಅರಬ್ಬೀ ಸಮುದ್ರದಲ್ಲಿಯೂ ತಿಮಿಂಗಿಲಗಳಿವೆ. ಲಕ್ಷದ್ವೀಪದ ಬಳಿ ನೀರಿನೊಳಗೆ ಇಟ್ಟ ಧ್ವನಿಗ್ರಾಹಕಗಳಲ್ಲಿ ನೀಲಿ ತಿಮಿಂಗಿಲದ ಹಾಡು ದಾಖಲಾಗಿದೆ, ನಿಮ್ಮ ಉತ್ತರ ಕನ್ನಡದ ತೀರಕ್ಕೆ ಸತ್ತ ತಿಮಿಂಗಿಲಗಳು ತೇಲಿಬಂದದ್ದನ್ನು ನೀವೇ ಕಂಡಿರಬಹುದು. ಆದರೆ ಆಳದ ನೀರು ನಮ್ಮ ದಡದಿಂದ ಬಹಳ ದೂರವಿರುವುದರಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳುವ ದೋಣಿಯಲ್ಲಿ ಅವುಗಳನ್ನು ಕಾಣುವ ನಂಬಿಕೆ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಒಂದು ಚಳಿಗಾಲದ ಬೆಳಿಗ್ಗೆ, ಗಾಳಿ ಏಳುವ ಮೊದಲು, ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಕಡೆಗೆ ಹೋಗಿ ನೋಡಿ. ಬೆನ್ನಿನ ಮೇಲೆ ಡುಬ್ಬವಿರುವ ಡಾಲ್ಫಿನ್‌ಗಳು ಆಳವಿಲ್ಲದ ನೀರಿನಲ್ಲಿ ಮೀನು ಹಿಡಿಯಲು ದಡದ ಸನಿಹಕ್ಕೇ ಬರುತ್ತವೆ. ಕುಮಟಾದಿಂದ ಒಂದೂವರೆ ಗಂಟೆಯ ದಾರಿ.