ಪೆನ್ಶನ್ ಯಾವ ತಾರೀಕಿಗೆ ಬರುತ್ತದೆ ಎಂದು ಕೇಳಿದವರಿಗೆ, ಕಾಸರಗೋಡಿನಿಂದ

ನಿಮ್ಮ ಅಕ್ಕನನ್ನು ಬದಿಯಡ್ಕದ ಕಡೆಗೆ ಮದುವೆ ಮಾಡಿಕೊಟ್ಟಿದ್ದೀರಿ, ಅವರ ಮಗನಿಗೆ ಅಂಗವಿಕಲರ ಪೆನ್ಶನ್ ಮಂಜೂರಾಗಿದೆ, ಆದರೆ ಹಣ ಒಂದು ತಿಂಗಳು ಬಾರದೆ ಇನ್ನೊಂದು ತಿಂಗಳು ಇಮ್ಮಡಿಯಾಗಿ ಬರುತ್ತದೆ, ಯಾವ ತಾರೀಕಿಗೆ ಬರುತ್ತದೆಂದು ಕೇಳಿದರೆ ಅಕ್ಕನಿಗೂ ಭಾವನಿಗೂ ಹೇಳಲು ಆಗುವುದಿಲ್ಲ ಎಂದು ಬರೆದಿದ್ದೀರಿ. ಹೇಳಲು ಆಗದಿರುವುದು ಅವರ ತಪ್ಪಲ್ಲ. ಕೇರಳದಲ್ಲಿ ಈ ಪೆನ್ಶನ್ನಿಗೆ ಗೊತ್ತುಮಾಡಿದ ತಾರೀಕು ಎಂಬುದು ಇಲ್ಲ. ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿಲ್ಲದ ನನ್ನ ತಮ್ಮನಿಗೂ ಇದೇ ಪೆನ್ಶನ್ ಬರುತ್ತಿದೆ. ಅದರ ಲೆಕ್ಕವನ್ನು ವರ್ಷಗಳಿಂದ ಬರೆದಿಡುತ್ತಿರುವವನು ನಾನಾದ್ದರಿಂದ, ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕರ್ನಾಟಕದಲ್ಲಿ ಇಂತಹ ಅರ್ಜಿ ನಾಡಕಚೇರಿಗೆ ಹೋಗುತ್ತದೆ, ಮಂಜೂರಾತಿ ಕಂದಾಯ ಇಲಾಖೆಯದ್ದು, ಮೊತ್ತವೂ ಅಂಗವೈಕಲ್ಯದ ಪ್ರಮಾಣವನ್ನು ಅನುಸರಿಸಿ ಬದಲಾಗುತ್ತದೆ. ಇಲ್ಲಿ ಕಂದಾಯ ಇಲಾಖೆಯ ಪಾತ್ರ ಆದಾಯ ಪ್ರಮಾಣಪತ್ರದಂತಹ ಕಾಗದಗಳಿಗೆ ಸೀಮಿತವಾಗಿದ್ದು, ಅರ್ಜಿಯನ್ನು ಪಡೆದುಕೊಂಡು ಮಂಜೂರು ಮಾಡುವುದು ಗ್ರಾಮ ಪಂಚಾಯತು. ವೈದ್ಯಕೀಯ ಮಂಡಳಿ ಕೊಟ್ಟ ಪ್ರಮಾಣಪತ್ರದಲ್ಲಿ ಕನಿಷ್ಠ ಶೇಕಡಾ 40 ಅಂಗವೈಕಲ್ಯ ಇರಬೇಕು ಮತ್ತು ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ರೂಪಾಯಿಯನ್ನು ಮೀರಬಾರದು. ವಯಸ್ಸಿನ ಮಿತಿಯಿಲ್ಲದ ಕಾರಣ ಮಕ್ಕಳಿಗೂ ಸಿಗುತ್ತದೆ. ಶೇಕಡಾ 40 ಇದ್ದವರಿಗೂ 90 ಇದ್ದವರಿಗೂ ಮೊತ್ತ ಒಂದೇ. 2021ರಿಂದ ಅದು 1600 ರೂಪಾಯಿ ಇತ್ತು, 2025ರ ನವೆಂಬರಿನಿಂದ 2000 ಆಯಿತು. ವೃದ್ಧರು, ವಿಧವೆಯರು, ಕೃಷಿ ಕಾರ್ಮಿಕರು ಮತ್ತು 50 ದಾಟಿದ ಅವಿವಾಹಿತ ಮಹಿಳೆಯರಿಗೂ ಇದೇ ವ್ಯವಸ್ಥೆಯಡಿ ಇದೇ ಮೊತ್ತ ಹಂಚಿಕೆಯಾಗುವುದರಿಂದ, ಒಟ್ಟು 62 ಲಕ್ಷದಷ್ಟು ಜನರಿಗೆ ಒಂದೇ ಸಲಕ್ಕೆ ಹಣ ಹೊಂದಿಸಬೇಕಾಗುತ್ತದೆ.

ತಾರೀಕು ಇಲ್ಲದಿರುವುದಕ್ಕೆ ಮೂಲ ಕಾರಣ ಅಲ್ಲಿದೆ. ಪ್ರತಿ ಸಲವೂ ಹಣಕಾಸು ಇಲಾಖೆ ಹಣ ಬಿಡುಗಡೆ ಮಾಡಿ ಆದೇಶ ಹೊರಡಿಸಬೇಕು, ಆ ಬಳಿಕವೇ ಹಂಚಿಕೆ ಆರಂಭ. ಹೀಗೆ ಹಣ ಹೊಂದಿಸುವುದಕ್ಕೆಂದೇ 2018ರಲ್ಲಿ ಸರಕಾರ ಒಂದು ಪ್ರತ್ಯೇಕ ಕಂಪೆನಿಯನ್ನು ಸ್ಥಾಪಿಸಿತು. 2023ರ ಏಪ್ರಿಲಿನಿಂದ ಪೆಟ್ರೋಲು ಮತ್ತು ಡೀಸೆಲಿನ ಮೇಲೆ ಲೀಟರಿಗೆ 2 ರೂಪಾಯಿ ಹೆಚ್ಚುವರಿ ಸೆಸ್ ಹಾಕಿದ್ದೂ ಸಾಮಾಜಿಕ ಭದ್ರತೆಯ ಹೆಸರಿನಲ್ಲೇ. ತಲಪಾಡಿ ದಾಟಿ ಕರ್ನಾಟಕದ ಪಂಪಿನಲ್ಲಿ ಅಗ್ಗದ ಪೆಟ್ರೋಲು ತುಂಬಿಸಿಕೊಂಡು ಬರುವುದು ಗಡಿಯವರಾದ ನಮಗೆ ಅಭ್ಯಾಸವಾಗಿದೆ. ಆ 2 ರೂಪಾಯಿ ಯಾರ ಮನೆಗೆ ಹೋಗಬೇಕಾದದ್ದು ಎಂದು ತಿಳಿದ ಮೇಲೆ, ಸಾಧ್ಯವಿದ್ದಾಗಲೆಲ್ಲ ನಾನು ಈಚೆ ಬದಿಯಲ್ಲೇ ತುಂಬಿಸುತ್ತೇನೆ.

ಅನುಭವದಿಂದ ಹೇಳುವುದಾದರೆ, ಸಾಮಾನ್ಯವಾಗಿ ತಿಂಗಳ 20ನೇ ತಾರೀಕಿನ ನಂತರ ಹಂಚಿಕೆ ಶುರುವಾಗಿ ತಿಂಗಳ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಓಣಂ, ವಿಷು, ಕ್ರಿಸ್ಮಸ್ ಇದ್ದರೆ ಹಬ್ಬಕ್ಕೆ ಮೊದಲೇ ಕೊಡುವ ಪ್ರಯತ್ನ ನಡೆಯುತ್ತದೆ. ಆದರೆ ಇದು ರೂಢಿ ಮಾತ್ರ, ನಿಯಮವಲ್ಲ. ಈ ಪೆನ್ಶನ್ ಹಕ್ಕಲ್ಲ, ಸಹಾಯ ಮಾತ್ರ ಎಂಬ ನಿಲುವನ್ನು 2024ರಲ್ಲಿ ಸರಕಾರವೇ ಹೈಕೋರ್ಟಿನ ಮುಂದೆ ಇಟ್ಟಿತ್ತು. ಅದೇ ಹಣದಲ್ಲಿ ಔಷಧಿ, ಡೈಪರು, ಆಟೋ ಬಾಡಿಗೆ ಎಲ್ಲವನ್ನೂ ಸರಿದೂಗಿಸುವ ಮನೆಯವರಿಗೆ ಆ ಮಾತು ಎಷ್ಟು ನೋವು ಕೊಟ್ಟಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಹಕ್ಕೆಂದು ಒಪ್ಪಿಕೊಂಡಿದ್ದರೆ ತಾರೀಕನ್ನೂ ನಿಗದಿ ಮಾಡಬೇಕಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಇಮ್ಮಡಿ ಬರುವ ವಿಚಾರ. 2023ರ ಉತ್ತರಾರ್ಧದಿಂದ 2024ರ ಮೊದಲ ತಿಂಗಳುಗಳವರೆಗೆ ಹಂಚಿಕೆ ಹಿಂದೆ ಬಿದ್ದು ಹಲವು ತಿಂಗಳ ಹಣ ಬಾಕಿ ಉಳಿಯಿತು. ಐದು ತಿಂಗಳದ್ದು ಬಾಕಿಯಿದೆ, ಅದರಲ್ಲಿ ಎರಡನ್ನು 2024–25ರಲ್ಲೂ ಮೂರನ್ನು 2025–26ರಲ್ಲೂ ಕೊಡುತ್ತೇವೆ ಎಂದು 2024ರ ಜುಲೈಯಲ್ಲಿ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ತಿಳಿಸಿದರು. ಆ ಮೇಲೆ ಚಾಲ್ತಿ ತಿಂಗಳ ಹಣದೊಂದಿಗೆ ಆಗೊಮ್ಮೆ ಈಗೊಮ್ಮೆ ಹಳೆಯ ಒಂದು ತಿಂಗಳದ್ದನ್ನೂ ಸೇರಿಸಿ ಕೊಡುತ್ತ ಬಂದರು. 2025ರ ಓಣಂ ಹೊತ್ತಿಗೆ 3200 ಬಂದದ್ದು ಹೀಗೆ. ಅದೇ ವರ್ಷ ನವೆಂಬರಿನಲ್ಲಿ 3600 ಬಂದಾಗ ಅದರಲ್ಲಿ 2000 ಹೊಸ ದರದ ಆ ತಿಂಗಳ ಹಣ, 1600 ಉಳಿದಿದ್ದ ಕೊನೆಯ ಬಾಕಿ. ಆದ್ದರಿಂದ ನಿಮ್ಮ ಅಕ್ಕನ ಮನೆಗೆ ಇಮ್ಮಡಿ ಬಂದಾಗ ಅದು ಹೆಚ್ಚಿಗೆ ಬಂದ ಹಣವಲ್ಲ, ತಪ್ಪಿ ಬಂದದ್ದೂ ಅಲ್ಲ, ಹಿಂದಕ್ಕೆ ಕೇಳಿಯಾರೆಂದು ಖರ್ಚು ಮಾಡದೆ ಇಟ್ಟುಕೊಳ್ಳಬೇಕಾಗಿಲ್ಲ.

ಇಲ್ಲಿ ಭಾಷೆಯೂ ಒಂದು ತೊಡಕು. ಮಲಯಾಳದಲ್ಲಿ ಕಂತಿಗೆ ‘ಗಡು’ ಎನ್ನುತ್ತಾರೆ, ಬಾಕಿಗೆ ‘ಕುಡಿಶ್ಶಿಕ’ ಎನ್ನುತ್ತಾರೆ. ‘ಎರಡು ಗಡು ಕೊಡುತ್ತಾರೆ’ ಎಂದು ಟಿವಿಯಲ್ಲಿ ಕೇಳಿದರೆ ಎರಡು ತಿಂಗಳ ಹಣ ಒಟ್ಟಿಗೆ ಬರುತ್ತದೆ ಎಂದರ್ಥ. ಕನ್ನಡದ ಕಿವಿಗೆ ಅದು ‘ಗಡುವು’ ಎಂದು ಕೇಳಿಸುತ್ತದೆ. ನಮ್ಮ ನೆರೆಮನೆಯ ಅಜ್ಜಿಯೊಬ್ಬರು ಹೀಗೆಯೇ ತಿಳಿದುಕೊಂಡು, ಎರಡು ಗಡುವು ಕೊಟ್ಟಿದ್ದಾರಂತೆ, ಅಷ್ಟರೊಳಗೆ ಕಾಗದ ಕೊಡದಿದ್ದರೆ ಪೆನ್ಶನ್ ಹೋಗುತ್ತದಂತೆ ಎಂದು ಹೆದರಿ, ಕುಂಟು ಕಾಲಿನಲ್ಲೇ ಉರಿಬಿಸಿಲಿಗೆ ಗುಡ್ಡ ಇಳಿದು ಪಂಚಾಯತಿಗೆ ಹೋಗಿದ್ದರು. ಭಾಷಾ ಅಲ್ಪಸಂಖ್ಯಾತರ ಪ್ರದೇಶವಾದ ಇಲ್ಲಿ ಕನ್ನಡದಲ್ಲಿ ಅರ್ಜಿ ಕೊಡಲು, ಕನ್ನಡದಲ್ಲಿ ಉತ್ತರ ಕೇಳಲು ಅವಕಾಶವಿದೆ. ಆದರೆ ಹಣ ಬಿಡುಗಡೆಯ ಆದೇಶಗಳೂ ಪ್ರಕಟಣೆಗಳೂ ನಮಗೆ ಮೊದಲು ಕಾಣಿಸುವುದು ಮಲಯಾಳದಲ್ಲೇ. ಈ ಎರಡು ಪದಗಳನ್ನು ನಿಮ್ಮ ಅಕ್ಕನಿಗೆ ಇಂದೇ ಹೇಳಿಕೊಡಿ, ಅರ್ಧ ಗೊಂದಲ ಅಲ್ಲಿಗೆ ತೀರುತ್ತದೆ.

ಹಣ ಕೈಸೇರುವ ದಾರಿ ಎರಡು. ಕೆಲವರಿಗೆ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಉಳಿದವರಿಗೆ ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನ ಕಲೆಕ್ಷನ್ ಏಜೆಂಟರು ಮನೆಗೇ ತಂದುಕೊಡುತ್ತಾರೆ. ಹಾಸಿಗೆ ಹಿಡಿದವರಿಗೂ ಬಸ್ಸು ಹತ್ತಲಾಗದವರಿಗೂ ಇದು ದೊಡ್ಡ ಆಸರೆ. ಖಾತೆಯವರಿಗೆ ಬಂದು ಕೆಲವು ದಿನಗಳಾದರೂ ಮನೆಯವರಿಗೆ ಬಾರದಿರಬಹುದು, ಏಕೆಂದರೆ ಒಬ್ಬ ಏಜೆಂಟರು ಗುಡ್ಡ, ತೋಡು, ಅಡಿಕೆ ತೋಟ ದಾಟಿಕೊಂಡು ಹತ್ತಾರು ಮನೆಗಳಿಗೆ ಹೋಗಬೇಕು. ನಮ್ಮ ಮನೆಗೆ ಬರುವವರು ಸ್ಕೂಟರನ್ನು ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿ, ಮೆಟ್ಟಿಲು ಹತ್ತುವಾಗಲೇ ತಮ್ಮನ ಹೆಸರು ಹಿಡಿದು ಕರೆಯುತ್ತಾರೆ. ಅಮ್ಮ ಒದ್ದೆ ಬಟ್ಟೆಯಲ್ಲಿ ಅವನ ಹೆಬ್ಬೆರಳು ಒರೆಸಿ, ಬಿಗಿದಿರುವ ಮುಷ್ಟಿಯನ್ನು ನಿಧಾನವಾಗಿ ಬಿಡಿಸಿ, ಪಟ್ಟಿಯಲ್ಲಿ ಗುರುತು ಹಾಕಿಸುತ್ತಾರೆ. 1600 ಇದ್ದಾಗ ಮೂರು ಐನೂರರ ನೋಟು, ಒಂದು ನೂರರ ನೋಟು. ಆ ನೂರರ ನೋಟನ್ನು ತಮ್ಮನ ಕೈಯಲ್ಲಿಟ್ಟರೆ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಈಗ ನಾಲ್ಕೂ ಐನೂರರ ನೋಟುಗಳೇ ಬರುವುದರಿಂದ ಅಮ್ಮ ತಮ್ಮ ಸೆರಗಿನ ಗಂಟಿನಿಂದ ನೂರರ ನೋಟು ತೆಗೆದು ಅವನಿಗೆ ಕೊಡುತ್ತಾರೆ. ಹಂಚಿಕೆಯ ಅವಧಿಯಲ್ಲಿ ಫಲಾನುಭವಿ ಮನೆಯಲ್ಲಿಲ್ಲದೆ ಕೊಡಲಾಗದೆ ಉಳಿದ ಹಣ ಹಿಂದಕ್ಕೆ ಹೋಗುತ್ತದೆ. ಚಿಕಿತ್ಸೆಗೆಂದು ಮಂಗಳೂರಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರಬೇಕಾದವರು ಏಜೆಂಟರಿಗೂ ವಾರ್ಡಿನ ಮೆಂಬರಿಗೂ ಮೊದಲೇ ತಿಳಿಸಿಡುವುದು ಒಳ್ಳೆಯದು.

ಇದರೊಳಗೆ ಇನ್ನೊಂದು ಕವಲು ಇದೆ, ಹಲವರಿಗೆ ಗೊತ್ತಿಲ್ಲದ್ದು. ಬಡತನ ರೇಖೆಯ ಕೆಳಗಿನ ಕುಟುಂಬದ, 18 ತುಂಬಿದ, ಶೇಕಡಾ 80 ಅಥವಾ ಹೆಚ್ಚಿನ ಅಂಗವೈಕಲ್ಯವಿರುವವರು ಕೇಂದ್ರದ ಯೋಜನೆಯಲ್ಲೂ ಸೇರಿದ್ದರೆ ಅವರ ಮೊತ್ತದಲ್ಲಿ 300 ರೂಪಾಯಿ ಕೇಂದ್ರದ ಪಾಲು. ಅದೀಗ ಕೇಂದ್ರದ ಪಾವತಿ ವ್ಯವಸ್ಥೆಯ ಮೂಲಕ ಬೇರೆಯಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ, ರಾಜ್ಯದ ಪಾಲಿನೊಂದಿಗೆ ಒಂದೇ ದಿನ ಬರುವುದಿಲ್ಲ. ಏಜೆಂಟರು 300 ಕಡಿಮೆ ಕೊಟ್ಟರೆಂದು ಜಗಳವಾದದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಆ ಮನೆಯವರು ಮರೆತೇ ಬಿಟ್ಟಿದ್ದ ಹಳೆಯ ಪಾಸ್‌ಬುಕ್ಕಿನಲ್ಲಿ ಆ ಹಣ ಸಾಲಾಗಿ ಜಮೆಯಾಗಿ ಬಿದ್ದಿತ್ತು.

ನಿಮ್ಮ ಸೋದರಳಿಯನ ಹೆಸರು ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಲೆಕ್ಕವೇ ಬೇರೆ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳ ಮನೆಗಳು ಇಂದಿಗೂ ಅನುಭವಿಸುತ್ತಿವೆ. ವಿಶೇಷ ವೈದ್ಯಕೀಯ ಶಿಬಿರಗಳ ಮೂಲಕ ಪಟ್ಟಿಗೆ ಸೇರಿದವರಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ‘ಸ್ನೇಹಸಾಂತ್ವನ’ ಎಂಬ ಯೋಜನೆಯಲ್ಲಿ ತಿಂಗಳ ಸಹಾಯಧನ ನೀಡುತ್ತದೆ. ಹಾಸಿಗೆ ಹಿಡಿದವರಿಗೆ ಮತ್ತು ಬುದ್ಧಿಮಾಂದ್ಯರಿಗೆ ಬೇರೆ ಅಂಗವಿಕಲ ಪೆನ್ಶನ್ ಇಲ್ಲದಿದ್ದರೆ 2200 ರೂಪಾಯಿ, ಇದ್ದರೆ 1700, ಉಳಿದ ಸಂತ್ರಸ್ತರಿಗೆ 1200 ಎಂದು ನಿಗದಿಯಾಗಿತ್ತು. ಪೂರ್ಣ ಸಮಯ ಆರೈಕೆಗೆ ನಿಂತವರಿಗೆ ‘ಆಶ್ವಾಸಕಿರಣ’ ಎಂಬ ಯೋಜನೆಯಲ್ಲಿ ಬೇರೆ ಸಹಾಯಧನವಿದೆ. ಇವು ಪಂಚಾಯತಿನ ಪಟ್ಟಿಯಿಂದ ಬರುವ ಹಣವಲ್ಲ, ಇವುಗಳ ಬಿಡುಗಡೆಯ ಆದೇಶವೂ ಬೇರೆ. ಪಂಚಾಯತಿನ ಪೆನ್ಶನ್ ಬಂದ ದಿನ ಇವೂ ಬರುತ್ತವೆಂದು ಕಾಯಬಾರದು. ಆಶ್ವಾಸಕಿರಣವಂತೂ ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು. ಸುಪ್ರೀಂ ಕೋರ್ಟು 2017ರಲ್ಲಿ ಕೊಡಬೇಕೆಂದು ಹೇಳಿದ 5 ಲಕ್ಷ ರೂಪಾಯಿ ಒಂದು ಸಲದ ಪರಿಹಾರ, ಅದಕ್ಕೂ ತಿಂಗಳ ಹಣಕ್ಕೂ ಸಂಬಂಧವಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಯ ಕಡೆಯ ಸಂತ್ರಸ್ತರಿಗೆ ಕರ್ನಾಟಕ ಸರಕಾರ ಕೊಡುವುದು ಮತ್ತೊಂದು ಪೆನ್ಶನ್. ವಿಷ ಒಂದೇ ಆದರೂ, ಹಣ ಯಾವ ಸರಕಾರದಿಂದ ಎಂಬುದನ್ನು ವಾಸಸ್ಥಳ ನಿರ್ಧರಿಸುತ್ತದೆ.

ಹಣ ನಿಂತುಹೋಗುವುದಕ್ಕೆ ನಮ್ಮಲ್ಲಿ ಅತಿ ಹೆಚ್ಚಿನ ಕಾರಣ ಮಸ್ಟರಿಂಗ್. ಫಲಾನುಭವಿ ಬದುಕಿದ್ದಾರೆಂದು ವರ್ಷಕ್ಕೊಮ್ಮೆ ಸರಕಾರಿ ಆನ್‌ಲೈನ್ ಸೇವೆ ಸಿಗುವ ಅಕ್ಷಯ ಕೇಂದ್ರದಲ್ಲಿ ಆಧಾರ್ ಮೂಲಕ ದೃಢಪಡಿಸುವುದೇ ಮಸ್ಟರಿಂಗ್. 2025ರಲ್ಲಿ ಜೂನ್ 25ರಿಂದ ಆಗಸ್ಟ್ 24ರವರೆಗೆ ಅದಕ್ಕೆ ಸಮಯ ಕೊಟ್ಟಿದ್ದರು. ಕೇಂದ್ರಕ್ಕೆ ಹೋದರೆ 30 ರೂಪಾಯಿ, ಹೋಗಲಾರದವರ ಮನೆಗೆ ಅವರೇ ಬಂದರೆ 50 ರೂಪಾಯಿ. ಮಾಡಿಸದಿದ್ದರೆ, ಮಾಡಿಸುವವರೆಗೆ ಹಣವಿಲ್ಲ. ನನ್ನ ತಮ್ಮನ ಬೆರಳು ಯಂತ್ರದ ಮೇಲೆ ಸಮನಾಗಿ ಕೂರುವುದಿಲ್ಲ, ಕಣ್ಣನ್ನು ನೇರವಾಗಿ ಹಿಡಿದು ನೋಡಲೂ ಅವನಿಂದಾಗದು. ಒಂದು ವರ್ಷ ಹೀಗೆ ವಿಫಲವಾದಾಗ ಒಂದು ಕಚೇರಿಯಲ್ಲಿ ‘ಇನ್ನೊಮ್ಮೆ ಕರೆದುಕೊಂಡು ಬನ್ನಿ’ ಎಂದೇ ಹೇಳುತ್ತ ಹೋದರು. ಮೂರು ಸಲ ಅವನನ್ನು ಎತ್ತಿಕೊಂಡು ಜೀಪಿನಲ್ಲಿ ಹೋಗಿ ಬಂದೆವು, ಅಷ್ಟರಲ್ಲಿ ಮೂರು ತಿಂಗಳ ಪೆನ್ಶನ್ ನಿಂತಿತು. ಬೆರಳೂ ಕಣ್ಣೂ ಹೊಂದದವರಿಗೆ ಜೀವಂತ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಟ್ಟರೆ ಅಲ್ಲಿಂದಲೇ ದಾಖಲಿಸಬಹುದೆಂಬ ನಿಯಮ ಆಗಲೂ ಇತ್ತು, ನಮಗೆ ಯಾರೂ ಹೇಳಲಿಲ್ಲ. ಈ ಒಂದು ವಾಕ್ಯಕ್ಕಾಗಿಯಾದರೂ ನಿಮಗೆ ಇಷ್ಟುದ್ದ ಬರೆಯಬೇಕೆನಿಸಿತು.

ಅಂಗವೈಕಲ್ಯದ ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಅವಧಿ ಮುಗಿಯುವ ಮೊದಲೇ ಮಂಡಳಿಯ ಮುಂದೆ ಹಾಜರಾಗಬೇಕು. ಆಧಾರಿನಲ್ಲಿ ಒಂದು ರೀತಿ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ ಹೆಸರಿರುವುದು ಕನ್ನಡದವರಾದ ನಮಗೆ ಸಾಮಾನ್ಯ. ಮನೆಯಲ್ಲಿ ಕನ್ನಡದಲ್ಲಿ ಬರೆಯುವ ಹೆಸರನ್ನು ಒಬ್ಬರು ಮಲಯಾಳಕ್ಕೆ ಇಳಿಸಿ, ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಏರಿಸುವಷ್ಟರಲ್ಲಿ ಅಕ್ಷರಗಳು ಬದಲಾಗಿರುತ್ತವೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ನಿಮ್ಮ ಅಕ್ಕ ಈಗ ಮಾಡಬೇಕಾದದ್ದು ಇಷ್ಟು. ಒಂದು ನೋಟುಪುಸ್ತಕದಲ್ಲಿ ಹಣ ಬಂದ ತಾರೀಕಿನ ಪಕ್ಕದಲ್ಲಿ ಅದು ಯಾವ ತಿಂಗಳ ಹಣ ಎಂಬುದನ್ನು ಬರೆಯಲಿ. ತಾರೀಕಿಗಿಂತ ಆ ತಿಂಗಳ ಹೆಸರೇ ಮುಖ್ಯ. ತಿಂಗಳು ಯಾವುದೆಂದು ಏಜೆಂಟರನ್ನು ಕೇಳಿದರೆ ಹೇಳುತ್ತಾರೆ. ಪೆನ್ಶನ್ ಗುರುತು ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಕೊಟ್ಟರೆ ‘ಸೇವನ’ ಪೆನ್ಶನ್ ಜಾಲತಾಣದಲ್ಲೂ ಕಾಣುತ್ತದೆ, ಅಕ್ಷಯ ಕೇಂದ್ರದವರು ಅದನ್ನು ತೆರೆದು ತೋರಿಸುತ್ತಾರೆ. ನೀವು ಹೇಳಿದ ಆ ಬಾರದ ತಿಂಗಳಲ್ಲಿ ಊರಿನ ಬೇರೆಯವರಿಗೂ ಬಂದಿಲ್ಲವೆಂದಾದರೆ ಅದು ಸರಕಾರದ ಬಾಕಿ, ಕಾಯುವುದಷ್ಟೇ ದಾರಿ. ಉಳಿದವರಿಗೆಲ್ಲ ಬಂದು ನಿಮ್ಮವರಿಗೆ ಮಾತ್ರ ಬಂದಿಲ್ಲವೆಂದಾದರೆ ಕಾಯಬಾರದು. ಆಧಾರ್, ಅಂಗವೈಕಲ್ಯದ ಪ್ರಮಾಣಪತ್ರ, ಪಾಸ್‌ಬುಕ್, ಮಸ್ಟರಿಂಗ್ ಮಾಡಿಸಿದ ರಶೀದಿ ಇವನ್ನು ಹಿಡಿದು ಭಾವನವರು ಪಂಚಾಯತಿಗೆ ಹೋಗಿ, ಪೆನ್ಶನ್ ವಿಭಾಗದಲ್ಲಿ ಯಾವ ಕಾರಣಕ್ಕೆ ತಡೆಹಿಡಿಯಲಾಗಿದೆ ಎಂದು ಕನ್ನಡದಲ್ಲೇ ಲಿಖಿತವಾಗಿ ಕೇಳಲಿ. ಹುಡುಗನನ್ನು ಕರೆದುಕೊಂಡು ಹೋಗುವ ಅಗತ್ಯವಿಲ್ಲ.